ಖಾದರ್ ಚಾಚಾ ಹಾಕಿದ ಬೋಲ್ಟು

ಗೆಳೆಯರೇ, ಇವತ್ತು ಬ್ಯಾಡಗಿಯ ನಮ್ಮ ಖಾರಪುಡಿ ಗಿರಣಿ ಬಂದ್. ಹಳೆಯ ಮಷೀನ್ ಎತ್ತಿ ಹೊಸದು ಕೂರಿಸಬೇಕಿತ್ತು. ಮಷೀನೇನೋ ಎದ್ದಿತು, ಅದನ್ನು ಹಿಡಿದಿದ್ದ ನಾಲ್ಕು ಬೋಲ್ಟು ಕಾಂಕ್ರೀಟ್ ಬಿಟ್ಟು ಏಳಲಿಲ್ಲ. ಹದಿನೈದು ವರ್ಷದ ಹಿಂದೆ ಅವನ್ನು ಹಾಕಿದ ಫಿಟ್ಟರ್ ಖಾದರ್ ಚಾಚಾ ಅವರನ್ನೇ ರಾಣೇಬೆನ್ನೂರಿನಿಂದ ಕರೆಸಿದೆ.

ಚಾಚಾ ಎಣ್ಣೆ ಬಿಟ್ಟರು, ಸುತ್ತಿಗೆಯಿಂದ ಬಡಿದರು, ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಜೋತುಬಿದ್ದರು. ಬೋಲ್ಟು ಅಲುಗಲಿಲ್ಲ. ಪ್ರತಿ ಸಲವೂ ಅವರ ಮುಖ ಇನ್ನಷ್ಟು ಅರಳಿತು.

"ನೋಡ್ರಿ ಸಾವ್ಕಾರ್ರ, ಕೆಲಸ ಅಂದ್ರ ಹಿಂಗಿರಬೇಕು!"

"ಚಾಚಾ, ಹೊರಗ ಮಂದಿ ಮೆಣಸಿನಕಾಯಿ ಚೀಲ ಇಟ್ಕೊಂಡು ಕುಂತಾರ್ರಿ."

"ಅವ್ರನ್ನೂ ಒಳಗ ಕರೀರಿ, ನೋಡ್ಲಿ."

ಮಂದಿ ಬಂದು ನೋಡಿದರು, ಒಬ್ಬೊಬ್ಬರಾಗಿ ಜಗ್ಗಿಯೂ ನೋಡಿದರು. "ಭಾರಿ ಗಟ್ಟಿ ಅದಾವ ಬಿಡ್ರಿ" ಎಂದು ಚಾಚಾಗೆ ಚಹಾ ತರಿಸಿದರು.

ಮಧ್ಯಾಹ್ನ ಚಾಚಾ ಒಲ್ಲದ ಮನಸ್ಸಿನಿಂದ ಗ್ರೈಂಡರ್ ಹಿಡಿದು, ನಾಲ್ಕನ್ನೂ ನೆಲದ ಮಟ್ಟಕ್ಕೆ ಕೊಯ್ದರು. ಹೊಸ ಮಷೀನಿಗೆ ಪಕ್ಕದಲ್ಲಿ ತೂತು ಕೊರೆಯಲು ಕುಳಿತಾಗ ನಾನು ಬಾಯಿಬಿಟ್ಟೆ.

"ಚಾಚಾ, ಈ ಸಲ ತೆಗ್ಯಾಕ ಬರೋ ಹಂಗ ಹಾಕ್ರಿ."

ಅವರು ಡ್ರಿಲ್ ಕೆಳಗಿಟ್ಟು ಕೈ ಒರೆಸಿಕೊಂಡರು.

"ಅಂಥಾ ಕೆಲಸ ನಂಗ ಬರಂಗಿಲ್ರಿ."

ರಾಣೇಬೆನ್ನೂರಿನ ಬಸ್ ಹತ್ತಿಯೇ ಬಿಟ್ಟರು.

ಸದ್ಯ ನಮ್ಮ ಗಿರಣಿಯಲ್ಲಿ ಬೋಲ್ಟಿಲ್ಲದ ಒಂದು ಮಷೀನೂ, ಮಷೀನಿಲ್ಲದ ನಾಲ್ಕು ಬೋಲ್ಟೂ ಇವೆ.