ನಮ್ಮವನಿಗೊಂದು ಕಾರ್ಡು

ಪಕ್ಕದ ಮನೆಯ ಅಕ್ಕನ ಎಡಗೈ ಕಿರುಬೆರಳು ಮಡಚುತ್ತಿರಲಿಲ್ಲ. ಯಾವುದೋ ಕಾಲದಲ್ಲಿ ಲ್ಯಾಬಿನ ದೊಡ್ಡ ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿ ಸೆಟೆದು ನಿಂತದ್ದು ಹಾಗೇ ನಿಂತುಬಿಟ್ಟಿತ್ತು. ಅದೇ ಕೈಯಲ್ಲಿ ಅವರು ದಾಳ ಕುಲುಕುತ್ತಿದ್ದರು. ಮುಷ್ಟಿಯಲ್ಲಿ ಆ ಬೆರಳಿನ ಬಳಿ ಒಂದು ಸಂದು ಉಳಿಯುತ್ತಿತ್ತು. ಎರಡು ದಾಳಗಳಲ್ಲಿ ಒಂದು ಅಲ್ಲಿಂದ ನುಸುಳಿ, ಮೇಜಿನಿಂದ ಹಾರಿ, ಕೋಣೆ ಬಿಸಿ ಮಾಡುವ ರೇಡಿಯೇಟರಿನ ಅಡಿಗೆ ಹೋಗುತ್ತಿತ್ತು. ಬೇರೆ ಯಾರೇ ಆಗಿದ್ದರೂ ಎತ್ತಿಕೊಂಡು ಮತ್ತೆ ಹಾಕುತ್ತಿದ್ದರು. ಅರವತ್ತೇಳು ವರ್ಷದ ಅಕ್ಕ ಮಂಡಿಯೂರಿ, ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ, ದಾಳ ಬಿದ್ದಲ್ಲೇ ಅದರ ಅಂಕಿ ಓದಿ, "ಬಿದ್ದದ್ದು ಬಿದ್ದದ್ದೇ" ಎಂದು ಬರೆದುಕೊಳ್ಳುತ್ತಿದ್ದರು. ಆ ಅಂಕಿಯಿಂದ ತಾವೇ ಸೋಲುವಂತಿದ್ದರೂ ಅಷ್ಟೇ.

ಇಂಥವರಿಗೆ ಲೆಕ್ಕದ ವಿಷಯದಲ್ಲಿ ಬುದ್ಧಿ ಹೇಳಲು ಹೊರಟ ಏಳು ಜನರಲ್ಲಿ ನಾನೂ ಒಬ್ಬ. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾವು ಮೈಸೂರಿನವರು. ಇಂಗ್ಲೆಂಡಿಗೆ ಬಂದು ಬೀಸ್ಟನ್ನಿನಲ್ಲಿ ಮನೆ ಮಾಡಿದ ಮೊದಲ ವಾರವೇ ಬೇಲಿಯಾಚೆಯಿಂದ "ಕನ್ನಡದವರಾ?" ಎಂಬ ದನಿ ಕೇಳಿಸಿತು. ನನ್ನ ಹೆಂಡತಿ ಖುಷಿಯಿಂದ "ಹೌದು ಆಂಟಿ" ಎಂದಳು. "ಆಂಟಿ ಗೀಂಟಿ ಬೇಡ ಮಾರಾಯ್ರೆ, ನಾನೆಂತ ನಿಮ್ಮ ಅಮ್ಮನ ಕ್ಲಾಸ್‌ಮೇಟಾ? ಅಕ್ಕ ಅಂತ ಹೇಳಿ, ಸಾಕು." ಉಡುಪಿಯ ಕಡೆಯವರು. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು, ಮಗಳು ಲೀಡ್ಸ್‌ನಲ್ಲಿದ್ದಳು. ಉತ್ತರದ ಒಂದು ಊರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾಗಿ, ಇಲ್ಲಿಗೆ ಬಂದು ನೆಲೆಸಿದ್ದರು.

ಅವರ ಮನೆಯ ಹಾಲಿನಲ್ಲಿ ದೇವರ ಫೋಟೋದ ಕೆಳಗೇ ಒಂದು ಹಳೆಯ ರಟ್ಟಿನ ಪೆಟ್ಟಿಗೆ ಇತ್ತು. ಲ್ಯಾಬಿನಲ್ಲಿದ್ದ ಅಮೆರಿಕದ ಸಹೋದ್ಯೋಗಿಯೊಬ್ಬ ಊರಿಗೆ ಮರಳುವಾಗ ಬಿಟ್ಟುಹೋದದ್ದು. ಅದರೊಳಗೆ ಬೇಸ್‌ಬಾಲ್ ಆಟ. ಚೆಂಡಿಲ್ಲ, ಬ್ಯಾಟಿಲ್ಲ, ಬರೀ ಕಾರ್ಡು ಮತ್ತು ದಾಳ. ಒಂದೊಂದು ಕಾರ್ಡು ಒಬ್ಬೊಬ್ಬ ನಿಜವಾದ ಆಟಗಾರನದು. ಅವನು ಇಂಥ ವರ್ಷ ಎಷ್ಟು ಹೊಡೆದ, ಎಷ್ಟು ಸಲ ಔಟಾದ ಎಂಬುದನ್ನೆಲ್ಲ ಕಾರ್ಡಿನ ಮೇಲೆ ಅಂಕಿಗಳಾಗಿ ಇಳಿಸಿರುತ್ತಾರೆ. ದಾಳ ಹಾಕಿ, ಬಿದ್ದ ಸಂಖ್ಯೆಯನ್ನು ಕಾರ್ಡಿನಲ್ಲಿ ಹುಡುಕಿದರೆ ಚೆಂಡಿಗೆ ಏನಾಯಿತೆಂದು ತಿಳಿಯುತ್ತದೆ. ಸತ್ತು ಎಷ್ಟೋ ವರ್ಷವಾದವನು ನಿನ್ನೆ ಮೊನ್ನೆ ಆಡುತ್ತಿದ್ದವನ ಎದುರು ನಿಲ್ಲಬಹುದು.

ಚರ್ಚಿನ ಹಿಂದಿನ ಹಾಲಿನಲ್ಲಿ ಶನಿವಾರ ಮಧ್ಯಾಹ್ನ ಇದನ್ನು ಆಡುವ ಎಂಟು ಜನರ ಒಂದು ಲೀಗ್ ಇತ್ತು. ಎಂಟನೆಯವನಾಗಿ ಅಕ್ಕ ನನ್ನನ್ನು ಎಳೆದುಕೊಂಡು ಹೋದರು. ನಾನು ಕಂಪ್ಯೂಟರಿನವನು ಎಂದು ಗೊತ್ತಾದದ್ದೇ ತಡ, ಅಧ್ಯಕ್ಷರು ನನ್ನನ್ನು ಕಾರ್ಯದರ್ಶಿ ಮಾಡಿ ಅಂಕಪಟ್ಟಿಯನ್ನು ನನ್ನ ತಲೆಗೆ ಕಟ್ಟಿದರು. ಅಧ್ಯಕ್ಷರು ನಿವೃತ್ತ ಮೇಷ್ಟರು, ಯಾರಿಗೂ ಗಟ್ಟಿಯಾಗಿ ಬೈದವರಲ್ಲ. ಬಿಸ್ಕತ್ತಿನ ತಟ್ಟೆಯನ್ನು ತಾವೇ ಎಲ್ಲರ ಮುಂದೆ ಹಿಡಿಯುತ್ತಿದ್ದರು. ಬೈಯುವವರನ್ನು ಎದುರಿಸುವುದು ಸುಲಭ, ಬಿಸ್ಕತ್ತು ಕೊಡುವವರ ಜೊತೆ ಜಗಳವಾಡುವುದೇ ಕಷ್ಟ.

ಪ್ರತಿ ವರ್ಷ ಲೀಗ್ ಶುರುವಾಗುವ ಮುನ್ನ ಆಯ್ಕೆಯ ದಿನ. ಯಾವ ಕಾಲದ ಆಟಗಾರನನ್ನಾದರೂ ಸರದಿಯ ಪ್ರಕಾರ ಆರಿಸಿಕೊಳ್ಳಬಹುದು. ನಾವೆಲ್ಲ ಲ್ಯಾಪ್‌ಟಾಪ್ ನೋಡಿ, ಅಂಕಿ ದೊಡ್ಡದಿದ್ದವನನ್ನು ಬಾಚಿಕೊಳ್ಳುತ್ತಿದ್ದೆವು. ಅಕ್ಕ ಮಾತ್ರ ಕಾರ್ಡನ್ನು ಕೈಯಲ್ಲಿ ಹಿಡಿದು, ಮಗಳಿಗೆ ಗಂಡು ನೋಡುವವರ ಹಾಗೆ ಹಿಂದುಮುಂದು ವಿಚಾರಿಸುತ್ತಿದ್ದರು. ಒಮ್ಮೆ ನಾನು ತುಂಬ ಹಳೆಯ ಕಾಲದ, ಭಾರೀ ಹೆಸರಿನ ಒಬ್ಬನನ್ನು ಆರಿಸಿ ಬೀಗುತ್ತಿದ್ದೆ. ಅಕ್ಕ ಕಾರ್ಡು ಇಸಿದುಕೊಂಡು ನೋಡಿ ಹಿಂದಿರುಗಿಸಿದರು.

"ಅಂಕಿ ಚೆಂದ ಉಂಟು. ಆದರೆ ಇವ ಯಾರ ಎದುರು ಆಡಿದ್ದು? ಅರ್ಧ ಜನರನ್ನು ಗೇಟಿನ ಹೊರಗೆ ನಿಲ್ಲಿಸಿ ತೆಗೆದ ಮಾರ್ಕು ಇದು. ಕ್ಲಾಸಲ್ಲಿ ಜಾಣರನ್ನು ಪರೀಕ್ಷೆಗೇ ಕೂರಿಸದಿದ್ದರೆ ನಾನೂ ಫಸ್ಟ್ ರ್‍ಯಾಂಕೇ."

ಆಗಲೇ ನನಗೆ ಆ ಕಥೆ ಸರಿಯಾಗಿ ತಿಳಿದದ್ದು. ಅಮೆರಿಕದಲ್ಲಿ ದಶಕಗಟ್ಟಲೆ ಕಪ್ಪು ಆಟಗಾರರನ್ನು ದೊಡ್ಡ ಲೀಗಿನೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅವರು ತಮ್ಮದೇ ಲೀಗ್ ಕಟ್ಟಿಕೊಂಡು, ಬಸ್ಸಿನಲ್ಲಿ ಊರೂರು ತಿರುಗಿ ಆಡಿದರು. ಎಷ್ಟೋ ಪಂದ್ಯಗಳ ಅಂಕಿಗಳನ್ನು ಯಾರೂ ಸರಿಯಾಗಿ ಬರೆದಿಡಲಿಲ್ಲ. ಈಗೀಗ ಅವರಲ್ಲಿ ಹೆಸರಾದ ಕೆಲವರಿಗೆ ಕಾರ್ಡು ಬಂದಿದೆ. ಉಳಿದವರು ಎಲ್ಲಿ ಎಂದು ಕೇಳಿದರೆ ದಾಖಲೆ ಇಲ್ಲ ಎನ್ನುತ್ತಾರೆ. ಬಾಗಿಲು ಹಾಕಿದವರೇ ಆಮೇಲೆ ಬಂದು, ನೀನು ಒಳಗೆ ಇದ್ದದ್ದಕ್ಕೆ ಸಾಕ್ಷಿ ಏನು ಎಂದು ಕೇಳುವ ನ್ಯಾಯ ಇದು.

ಆ ಉಳಿದವರಲ್ಲಿ ಒಬ್ಬ ಎಸೆತಗಾರ ಅಕ್ಕನ ಕಣ್ಣಿಗೆ ಬಿದ್ದಿದ್ದ. ಅವನನ್ನು ಅವರು "ನಮ್ಮವ" ಎಂದೇ ಕರೆಯುತ್ತಿದ್ದರು. ಎರಡು ಚಳಿಗಾಲ ಲೈಬ್ರರಿಯ ಮೂಲಕ ಹಳೆಯ ಪತ್ರಿಕೆಗಳ ನಕಲು ತರಿಸಿ, ಭೂತಗನ್ನಡಿ ಹಿಡಿದು, ಅವನು ಆಡಿದ ಕೈಬೆರಳೆಣಿಕೆಯ ಪಂದ್ಯಗಳನ್ನು ಹುಡುಕಿದರು. ಅವುಗಳಿಂದ ಲೆಕ್ಕ ಹಾಕಿ, ರಟ್ಟು ಕತ್ತರಿಸಿ, ಕಾರ್ಡನ್ನು ತಾವೇ ತಯಾರಿಸಿದರು. ಅಂಕಿ ಉತ್ಪ್ರೇಕ್ಷೆಯದಲ್ಲ. ನನ್ನ ತಂಡದಲ್ಲಿದ್ದ ಎಸೆತಗಾರರೇ ಅವನಿಗಿಂತ ಒಂದು ಕೈ ಮೇಲಿದ್ದರು.

ಆಯ್ಕೆಯ ದಿನ ಅಕ್ಕ ತಮ್ಮ ಸರದಿಯಲ್ಲಿ ಆ ಕಾರ್ಡನ್ನು ಮೇಜಿನ ಮೇಲಿಟ್ಟರು. ಅಧ್ಯಕ್ಷರು ಅದನ್ನು ಮೆಚ್ಚಿ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ಆಮೇಲೆ ಮೆಲ್ಲಗೆ, ನಿಯಮದ ಪ್ರಕಾರ ಇಡೀ ಸೀಸನ್ನಿನ ಅಂಕಿ ಬೇಕಲ್ಲ ಎಂದರು.

ಅಕ್ಕ ಇಂಗ್ಲಿಷಿನಲ್ಲಿ ಸಾವಕಾಶವಾಗಿ ವಿವರಿಸಿದರು. ನಲವತ್ತು ವರ್ಷ ತಾವು ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಹಾಕಿ, ನಾಲ್ಕು ಚೌಕದ ಕಣಗಳನ್ನು ಎಣಿಸಿ, ಇಡೀ ದೇಹದ ಲೆಕ್ಕ ಬರೆದುಕೊಟ್ಟವರು. ಡಾಕ್ಟರುಗಳು ಅದನ್ನು ನಂಬಿ ಔಷಧಿ ಕೊಟ್ಟಿದ್ದಾರೆ. ಇಲ್ಲೂ ಮಾಡಿದ್ದು ಅದನ್ನೇ. "ಒಂದು ಹನಿ ಸಾಕಾಗುವುದಿಲ್ಲ ಎನ್ನುವುದಾದರೆ, ನಿಮ್ಮಲ್ಲಿ ಯಾರೂ ಇನ್ನು ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಡಿ" ಎಂದರು.

ಎಲ್ಲರೂ ನಕ್ಕರು, ಒಪ್ಪಲಿಲ್ಲ. ಅಧ್ಯಕ್ಷರು ಒಂದು ಮಧ್ಯದ ದಾರಿ ಕಂಡುಹಿಡಿದರು. ನಿಮ್ಮವನು ಧಾರಾಳವಾಗಿ ಆಡಲಿ, ಆದರೆ ಅವನು ಆಡಿದ ಪಂದ್ಯವನ್ನು ಫ್ರೆಂಡ್ಲಿ ಎಂದು ತಿಳಿಯೋಣ, ಯಾರ ಪಟ್ಟಿಗೂ ಸೇರಿಸುವುದು ಬೇಡ ಎಂದರು.

ಅಕ್ಕ ನನ್ನ ಕಡೆ ತಿರುಗಿದರು. ಮುಖ ಕೆಂಪಾಗಿತ್ತು. "ಕೇಳಿದ್ರಾ? ಆಟಕ್ಕುಂಟು, ಲೆಕ್ಕಕ್ಕಿಲ್ಲ ಅಂತೆ!"

ಏನೆಂದರು ಎಂದು ಅಧ್ಯಕ್ಷರು ಕುತೂಹಲದಿಂದ ನನ್ನನ್ನು ಕೇಳಿದರು. ಇಲ್ಲೇ ನಾನು ಮಾಡಬಾರದ್ದನ್ನು ಮಾಡಿದ್ದು. ವಾತಾವರಣ ತಿಳಿಯಾಗಲಿ ಎಂಬ ನನ್ನ ಹಾಳು ಮೈಸೂರು ಬುದ್ಧಿಗೆ ಸಿಕ್ಕಿ, ಅವರು ಸಿಟ್ಟಾಗಿದ್ದಾರೆ ಎಂದು ಹೇಳುವ ಬದಲು ಆ ಮಾತಿನ ಅರ್ಥವನ್ನು ವಿವರಿಸತೊಡಗಿದೆ. ನಮ್ಮಲ್ಲಿ ಮಕ್ಕಳು ಆಡುವಾಗ ತೀರಾ ಚಿಕ್ಕ ಮಗುವನ್ನು ಅಳಿಸಬಾರದೆಂದು ಆಟಕ್ಕೆ ಸೇರಿಸಿಕೊಳ್ಳುತ್ತಾರೆ. ಅದು ಔಟಾದರೂ ಔಟಲ್ಲ, ಗೆದ್ದರೂ ಗೆದ್ದಂತಲ್ಲ. ಅದಕ್ಕೆ ಹೀಗೆ ಹೇಳುತ್ತಾರೆ ಎಂದು, ನಗುನಗುತ್ತಾ, ಪಾಠ ಮಾಡಿದೆ.

ಅಧ್ಯಕ್ಷರ ಮುಖ ಅರಳಿತು. ಎಂಥ ಒಳ್ಳೆಯ ಪದ್ಧತಿ, ನಿಮ್ಮ ಸಂಸ್ಕೃತಿಯಲ್ಲೇ ಇದಕ್ಕೆ ದಾರಿ ಇದೆಯಲ್ಲ ಎಂದರು. ನನ್ನಿಂದ ಅಕ್ಷರ ಅಕ್ಷರ ಕೇಳಿಕೊಂಡು ನಿಯಮ ಪುಸ್ತಕದಲ್ಲಿ "ಲೆಕ್ಕಕ್ಕಿಲ್ಲ ನಿಯಮ" ಎಂದು ಇಂಗ್ಲಿಷ್ ಲಿಪಿಯಲ್ಲಿ ಬರೆದರು. ಉಳಿದವರು ಚಪ್ಪಾಳೆ ತಟ್ಟಿದರು. ಬೈಗುಳವನ್ನು ಬಹುಮಾನ ಮಾಡಿಕೊಳ್ಳುವ ಈ ವಿದ್ಯೆಯನ್ನು ಆ ಜನ ಎಲ್ಲಿ ಕಲಿತರೋ! ಅದನ್ನು ಅವರ ಕೈಗೆ ಕೊಟ್ಟವನು ಕನ್ನಡದವನೇ. ಅಕ್ಕ "ಥ್ಯಾಂಕ್ಯೂ" ಎಂದು ಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದರು.

ಟ್ರಾಮ್ ಸ್ಟಾಪಿನವರೆಗೂ ಅವರು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ನಾನು "ಹೋಗ್ಲಿ ಬಿಡಿ ಅಕ್ಕ, ಆಟ ತಾನೇ" ಎಂದೆ.

"ಈ 'ಹೋಗ್ಲಿ ಬಿಡಿ' ಅಂತ ಹೇಳುದಕ್ಕೆ ನಿಮಗೆ ಯಾರಾದ್ರೂ ಸಂಬಳ ಕೊಡ್ತಾರಾ ಮಾರಾಯ್ರೆ?" ಎಂದು ಅಲ್ಲೇ ನಿಂತರು. "ನಾನು ಊರಲ್ಲಿ ಒಂಬತ್ತು ವರ್ಷ ಲ್ಯಾಬ್ ನಡೆಸಿ ಬಂದವಳು. ಇಲ್ಲಿ ಅದು ಲೆಕ್ಕಕ್ಕಿಲ್ಲ ಅಂತ ಹೇಳಿದ್ರು. ಆಯ್ತು, ಕೆಳಗಿಂದ ಶುರು ಮಾಡಿದೆ. ಸೀನಿಯರ್ ಬಿಟ್ಟು ಹೋದ, ನೀನೇ ನೋಡಿಕೋ ಅಂದ್ರು. ಎಂತ ಹೆಸರು ಗೊತ್ತುಂಟಾ? ಆಕ್ಟಿಂಗ್ ಸೀನಿಯರ್. ಹನ್ನೊಂದು ವರ್ಷ ಆಕ್ಟಿಂಗ್! ಸಿನಿಮಾದವರು ಸಹ ಒಂದೇ ಪಾರ್ಟು ಅಷ್ಟು ವರ್ಷ ಮಾಡುದಿಲ್ಲ. ನಾನು ಕೆಲಸ ಕಲಿಸಿದ ಮೂರು ಜನ ನನ್ನ ಮೇಲೆ ಬಂದು ಕೂತ್ರು. ಎಲ್ಲರೂ ಒಳ್ಳೆಯವರೇ. ಕ್ರಿಸ್‌ಮಸ್‌ಗೆ ಚಾಕಲೇಟ್ ಕೊಡ್ತಿದ್ರು." ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಮತ್ತೆ ಹೇಳಿದರು, "ಅವರು ಹೇಳಿದ್ದಕ್ಕೆ ನನಗೆ ಬೇಜಾರಿಲ್ಲ. ನಿಮಗೆ ಆ ಮಾತು ಗೊತ್ತಿತ್ತು. ಗೊತ್ತಿದ್ದವರೇ ಹಾಗೆ ಹೇಳಿದ್ರಲ್ಲ, ಅದು."

ಮುಂದಿನ ಶನಿವಾರ ನಾನು ಅಧ್ಯಕ್ಷರಿಗೆ ತಪ್ಪು ತಿಳಿಸಿದೆನೇ? ಇಲ್ಲ. ತಿಳಿಸುತ್ತೇನೆ, ಸಮಯ ನೋಡಿ ತಿಳಿಸುತ್ತೇನೆ ಎಂದುಕೊಂಡೇ ಇಡೀ ಸೀಸನ್ ಕಳೆದೆ.

ಅಕ್ಕ ಸಮಯ ನೋಡಲಿಲ್ಲ. ಆ ವರ್ಷ ಅವರು ಆಡಿದ ಪ್ರತಿಯೊಂದು ಪಂದ್ಯದಲ್ಲೂ ನಮ್ಮವನನ್ನು ಇಳಿಸಿದರು. ಬೇರೆ ಎಸೆತಗಾರರಿರಲಿ, ಗೆಲುವು ಖಚಿತವಾಗಿರಲಿ, ಕೊನೆಗೆ ಒಬ್ಬನೇ ಒಬ್ಬ ಬ್ಯಾಟುಗಾರನಿಗೆ ಎಸೆಯಲಿಕ್ಕಾದರೂ ಅವನ ಕಾರ್ಡು ಮೇಜಿಗೆ ಬರುತ್ತಿತ್ತು. ಬಂದ ತಕ್ಷಣ ಆ ಪಂದ್ಯ ಲೆಕ್ಕಕ್ಕಿಲ್ಲ. ಅವರ ಗೆಲುವೂ ಇಲ್ಲ, ಎದುರಾಳಿಯ ಗೆಲುವೂ ಇಲ್ಲ. ಮೂರು ಗಂಟೆ ಕೂತು ಆಡಿ ಗೆದ್ದವರು ಬರಿಗೈಯಲ್ಲಿ ಏಳಬೇಕು. ಸಣ್ಣಗೆ ಗೊಣಗಾಟ ಶುರುವಾಯಿತು. ಅಧ್ಯಕ್ಷರು ಬಿಸ್ಕತ್ತು ಹಿಡಿದು, ನಿಮ್ಮವನಿಗೆ ಸ್ವಲ್ಪ ವಿಶ್ರಾಂತಿ ಕೊಡಬಾರದೇ ಎಂದು ಕೇಳಿದರೆ, "ಪಾಪ, ಅವನು ತುಂಬ ವರ್ಷದಿಂದ ವಿಶ್ರಾಂತಿಯಲ್ಲೇ ಇದ್ದಾನೆ" ಎಂದು ಒಂದು ಬಿಸ್ಕತ್ತು ತೆಗೆದುಕೊಳ್ಳುತ್ತಿದ್ದರು. ಪಟ್ಟಿಯಲ್ಲಿ ಅವರ ತಂಡದ ಸಾಲು ಖಾಲಿ. ಫ್ರೆಂಡ್ಲಿಗಳ ಅಂಕಗಳನ್ನು ಇನ್ನೊಂದು ಹಾಳೆಯಲ್ಲಿ ನಾನೇ ತುಂಬಿಸುತ್ತಿದ್ದೆ.

ಸೀಸನ್ ಮುಗಿಯುವ ಹೊತ್ತಿಗೆ ಅಕ್ಕ ಹಾಸಿಗೆ ಹಿಡಿದರು. ತಮ್ಮ ರಕ್ತದ ರಿಪೋರ್ಟನ್ನು ತಾವೇ ಓದಿ, ಡಾಕ್ಟರು ಬಾಯಿ ತೆರೆಯುವ ಮೊದಲೇ "ಎಷ್ಟು ವಾರ?" ಎಂದು ಕೇಳಿದರಂತೆ. ಮಗಳು ಬಂದು ಜೊತೆಗಿದ್ದಳು.

ಲೀಗಿನವರಿಗೆ ಆ ಸುದ್ದಿ ತಿಳಿಸುವಾಗ ಕೊನೆಗೂ ನನ್ನ ಬಾಯಿ ಬಿಚ್ಚಿತು. ಅಂದು ಅಕ್ಕ ಹೇಳಿದ್ದು ಒಪ್ಪಿಗೆಯಲ್ಲ, ಅವಮಾನವಾದವರ ಮಾತು. ಅದನ್ನು ತಿರುಚಿದವನು ನಾನು. ಆ ನಿಯಮವನ್ನು ತೆಗೆಯದಿದ್ದರೆ ನಾನೂ ಈ ಲೀಗಿನಲ್ಲಿ ಇರುವುದಿಲ್ಲ ಎಂದು ಮೇಜು ಗುದ್ದಿದೆ. ಚಹಾ ಚೆಲ್ಲಿತು. ಅಧ್ಯಕ್ಷರು ನಿಯಮ ಪುಸ್ತಕ ಬಿಚ್ಚಿ, ಪೆನ್ನು ತೆಗೆದು ನಿಯಮದ ಮೇಲೆ ಗೀಟು ಹಾಕಿದರು. ನಮ್ಮವನ ಕಾರ್ಡನ್ನು ಒಪ್ಪಿ ಎಲ್ಲರೂ ಕೈಯೆತ್ತಿದರು. ಅಷ್ಟೇ ಅಲ್ಲ, ಅಕ್ಕ ಗೆದ್ದ ಪಂದ್ಯಗಳನ್ನು ಮಾತ್ರ ಪಟ್ಟಿಗೆ ಸೇರಿಸೋಣ, ಸೋತದ್ದನ್ನು ಬಿಡೋಣ ಎಂದೂ ಒಪ್ಪಿದರು. ಹಾಗೆ ಮಾಡಿದರೆ ಅವರ ತಂಡಕ್ಕೆ ಮೂರನೆಯ ಸ್ಥಾನ. ನನಗೆ ಕಣ್ಣು ತುಂಬಿತು. ಕುಣಿಯುತ್ತಾ ಅಕ್ಕನ ಮನೆಗೆ ಹೋದೆ.

ಅಕ್ಕ ದಿಂಬಿಗೊರಗಿ ಎಲ್ಲವನ್ನೂ ಕೇಳಿಸಿಕೊಂಡರು. "ಗೆದ್ದದ್ದು ಬರೆದ್ರಿ. ಸೋತದ್ದು?"

"ಅದನ್ನ ಬಿಟ್ಟಿದೀವಿ ಅಕ್ಕ. ನಿಮಗೋಸ್ಕರ."

"ನನಗೋಸ್ಕರವಾ?" ಅವರ ದನಿ ಸಣ್ಣದಾಗಿತ್ತು, ಕೋಪ ಸಣ್ಣದಾಗಿರಲಿಲ್ಲ. "ಸೋತದ್ದು ಬಿಟ್ರೆ ಅದು ಪುನಃ ಅದೇ ಅಲ್ವಾ? ಚಿಕ್ಕ ಮಗು, ಅಳ್ತದೆ ಅಂತ. ಅವ ಹೊಡೆಸಿಕೊಂಡದ್ದೂ ಆಟವೇ. ಅದನ್ನೂ ಬರೆಯಿರಿ. ಇಲ್ಲಾಂದ್ರೆ ಎರಡನ್ನೂ ಅಳಿಸಿ. ಈಗಲೇ ಹೋಗಿ."

ಹೋದೆ. ಅಧ್ಯಕ್ಷರ ಮನೆಯ ಅಡುಗೆಮನೆಯಲ್ಲಿ ಕೂತು, ಅವರು ಒಂದೊಂದೇ ಪಂದ್ಯ ಓದಿ ಹೇಳಿದಂತೆ, ಗೆಲುವು ಸೋಲು ಎರಡನ್ನೂ ತುಂಬಿಸಿದೆ. ಅಕ್ಕನನ್ನು ಸೋಲಿಸಿದವರೆಲ್ಲರಿಗೂ ಅವರವರ ಗೆಲುವು ಸಿಕ್ಕಿತು. ಅವರ ತಂಡ ಮೂರರಿಂದ ಜಾರುತ್ತಾ ಜಾರುತ್ತಾ ಏಳಕ್ಕೆ ಬಂದು ನಿಂತಿತು. ಅಧ್ಯಕ್ಷರು ಪಟ್ಟಿಯನ್ನು ಅಚ್ಚು ಹಾಕಿ ಕೊಟ್ಟರು.

ಹತ್ತು ದಿನಗಳ ನಂತರ ಅಕ್ಕ ತೀರಿಕೊಂಡರು. ಆ ಪಟ್ಟಿ ಚರ್ಚಿನ ಹಾಲಿನ ಗೋಡೆಯ ಮೇಲೆ ಇನ್ನೂ ಇದೆ. ಆದರೆ ಅದನ್ನು ಮೊದಲು ನೋಡಿದವರು ಅವರೇ. ಅಚ್ಚಾದ ಮರುದಿನ ಬೆಳಿಗ್ಗೆ ಒಯ್ದು ತೋರಿಸಿದ್ದೆ. ಕನ್ನಡಕ ಹಾಕಿಕೊಂಡು ಮೇಲಿನಿಂದ ಬೆರಳಿಟ್ಟು ಓದುತ್ತಾ ಬಂದರು. ತಮ್ಮ ಸಾಲಿನಲ್ಲಿ ನಿಂತು, ಒಂದೊಂದು ಅಂಕಿಯನ್ನೂ ನೋಡಿ ತಲೆಯಾಡಿಸಿದರು.

"ಎಂಟರಲ್ಲಿ ಏಳು. ಕಡೆಯವ ಯಾರು ಮಾರಾಯ್ರೆ?"

"ನಾನೇ ಅಕ್ಕ."

ಬಹಳ ದಿನಗಳ ಮೇಲೆ ಅವರು ನಕ್ಕರು. "ಹಾಗಾದ್ರೆ ಲೆಕ್ಕ ಸರಿ ಉಂಟು" ಎಂದರು.