ಹಿಡಿಯಲು ಒಂದು ಕೈ, ಬೀಳಲು ಒಂದು ಮೈ

ಹೊಸಪೇಟೆಯ ಚಿತ್ತವಾಡ್ಗಿಯಲ್ಲೊಂದು ಹಳೆಯ ಗೋದಾಮು. ಬೆಳಕು ಇನ್ನೂ ಬಾಗಿಲಿಗೆ ಬಂದಿಲ್ಲ. ಒಳಗೆ ಬತ್ತದ ಹೊಟ್ಟು ತುಂಬಿದ ಗೋಣಿಚೀಲಗಳನ್ನು ಒತ್ತೊತ್ತಾಗಿ ಹಾಸಿ, ಮೇಲೆ ತಾಡಪಾಲು ಬಿಗಿದಿದ್ದಾರೆ. ಅದರ ನಡುವೆ ನಿಂತ, ಐವತ್ತು ದಾಟಿದ ಎತ್ತರದ ಆಳೊಬ್ಬರು ಎದುರಿಗಿದ್ದ ಹುಡುಗಿಯ ಮಣಿಕಟ್ಟನ್ನು ಗಪ್ಪನೆ ಹಿಡಿಯುತ್ತಾರೆ. ಹುಡುಗಿ ಕೈ ಕಿತ್ತುಕೊಳ್ಳುವುದಿಲ್ಲ. ಅವರು ಎಳೆದ ಕಡೆಗೇ ಒಂದು ಹೆಜ್ಜೆ ಹೋಗಿ, ಅರ್ಧ ಸುತ್ತು ತಿರುಗಿ, ಅವರ ಮುಂಗೈ ಮಡಚುತ್ತಾಳೆ. ಆಳು ಧೊಪ್ಪೆಂದು ಕೆಳಗೆ. ಸಾಕೆಂದು ಅವರು ಅಂಗೈಯಿಂದ ತಾಡಪಾಲು ತಟ್ಟಿದ ಕೂಡಲೇ ಹುಡುಗಿ ಬಿಡುತ್ತಾಳೆ. ಎದ್ದು ಬೆನ್ನು ಕೊಡವಿಕೊಂಡು, "ಮುಂದಿನಾಕಿ ಬರ್ರಿ" ಎನ್ನುತ್ತಾರೆ.

ಇವರು ಮೂಕಣ್ಣ. ಕಂಪ್ಲಿ ರಸ್ತೆಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಇಲ್ಲಿ ಕಲಿಸುವ ಗುರು ಶೈಲಜಾ, ಹೈದರಾಬಾದಿನಲ್ಲಿ ಹ್ಯಾಪ್ಕಿಡೊ ಎಂಬ ಆತ್ಮರಕ್ಷಣೆಯ ವಿದ್ಯೆ ಕಲಿತು ಬಂದವರು. ಗುರುವಿಗೆ ಶಾಲು ಹೊದಿಸುತ್ತಾರೆ, ಫೋಟೊ ತೆಗೆಯುತ್ತಾರೆ. ದಿನಾ ಗಿರಣಿಗೆ ಹೋಗುವ ಮೊದಲೇ ನಲವತ್ತು ಐವತ್ತು ಸಲ ಬೀಳುವ ಈ ಮೈಯನ್ನು ಯಾರು ಕೇಳಬೇಕು?

ಕೊರಿಯಾದ ಈ ವಿದ್ಯೆಗೆ ಒದೆಯುವುದೂ ಗೊತ್ತು, ಎತ್ತಿ ಒಗೆಯುವುದೂ ಗೊತ್ತು. ಆದರೆ ಬಲಕ್ಕೆ ಬಲ ಎದುರು ನಿಲ್ಲಿಸುವುದು ಇದರ ಜಾಯಮಾನವಲ್ಲ. ಹಿಡಿದವನ ಬಲವನ್ನೇ ದುಂಡಗೆ ತಿರುಗಿಸಿ, ಅವನ ಕೀಲನ್ನೇ ಸಿಕ್ಕಿಸುವುದು ಇದರ ಗುಟ್ಟು. ಹಾಗಾಗಿ ಗಾಳಿ ಗುದ್ದಿ ಕಲಿಯಲಾಗದು. ನಿಜವಾಗಿ ಹಿಡಿಯುವ ಕೈ ಬೇಕು, ನಿಜವಾಗಿ ನೋಯುವ ಕೀಲು ಬೇಕು.

"ಲಾರಿ ಮ್ಯಾಲಿಂದ ಬರೋ ಚೀಲಕ್ಕ ಎದಿ ಕೊಡಬಾರ್ದ್ರಿ, ಅದರ ಸಂಗಾಟ ತಿರಗಬೇಕು. ಟೀಚರ್ ಹೇಳೋದೂ ಅದನ. ಅದಕ್ಕ ನನಗ ಇದು ಹೊಸಾದು ಅನಿಸ್ಲಿಲ್ಲ" ಎನ್ನುತ್ತಾರೆ ಮೂಕಣ್ಣ.

ಗಿರಣಿಯಲ್ಲಿ ಜೊತೆಯವರು ಬಿಡುತ್ತಾರೆಯೇ? "ಏನಲೇ, ಇವತ್ತು ಎಷ್ಟ್ ಮಂದಿ ಹುಡುಗ್ಯಾರು ಕೆಡವಿದ್ರು?" ಎಂದು ಪಾಲಯ್ಯ ದಿನಾ ಕೇಳುತ್ತಾನೆ. "ಎಲ್ಲಾರೂ ಕೆಡವ್ಯಾರ. ನೀನೂ ಬಾ, ನಿನ್ನೂ ಕೆಡವ್ತಾರ." ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ವಾದಿಸುವ ಪೈಕಿಯಲ್ಲ ಇವರು. ಹೆಂಡತಿ ತಾಯಕ್ಕನಿಗೆ ಮಾತ್ರ ಮೊದಮೊದಲು ತಲೆ ಎತ್ತಿ ತಿರುಗುವುದು ಕಷ್ಟವಾಗಿತ್ತು. "ಈಗ ಬೈಯೋದು ಬಿಟ್ಟೀನ್ರಿ. ಬೆನ್ನಿಗೆ ಎಣ್ಣಿ ಹಚ್ಚೋದು ಬಿಟ್ಟಿಲ್ಲ."

ಈ ಕೆಲಸದಲ್ಲಿ ಮೂಕಣ್ಣ ಒಮ್ಮೆ ಎಡವಿದ್ದಾರೆ. ಅದನ್ನು ಹೇಳುವಾಗ ಅವರ ದನಿ ತಗ್ಗುತ್ತದೆ.

ಗಂಗೋತ್ರಿ ತೋರಣಗಲ್ಲಿಗೆ ಪಾಳಿ ಕೆಲಸಕ್ಕೆ ಹೋಗುತ್ತಿದ್ದ ಹುಡುಗಿ. ಒಂದು ನಸುಕಿನಲ್ಲಿ ಬಸ್ಸಿಗೆ ನಡೆದು ಹೋಗುವಾಗ ಯಾವನೋ ಒಬ್ಬ ಅವಳ ಕೈ ಹಿಡಿದು ಎಳೆದ. ಹಾಲಿನವರು ಕೂಗು ಹಾಕಿದ್ದಕ್ಕೆ ಬಿಟ್ಟು ಓಡಿದ. ಅಂದಿನಿಂದ ಅವಳು ಕೆಲಸಕ್ಕೆ ಹೋಗಿಲ್ಲ. ಬಳೆಗಾರ್ತಿ ಕೈ ಮುಟ್ಟಿದರೂ ಬೆಚ್ಚುತ್ತಿದ್ದಳು. ತಾಯಿ ಜಂಬವ್ವ ಇಲ್ಲಿಗೆ ತಂದು ಬಿಟ್ಟರು. ಕೈ ಹಿಡಿಸಿಕೊಳ್ಳದೆ ಈ ವಿದ್ಯೆ ಬಾರದು, ಅವಳಿಗೆ ಅದೊಂದೇ ಆಗದು. ತಿಂಗಳುಗಟ್ಟಲೆ ಮೂಕಣ್ಣ ಅವಳೆದುರು ಕೈ ಚಾಚಿ ನಿಂತರು, ಮುಟ್ಟಲಿಲ್ಲ.

ಕೊನೆಗೊಂದು ದಿನ ಅವಳು ಹೂಂ ಅಂದಳು. ಮೂಕಣ್ಣ ಮೆಲ್ಲಗೆ ಹಿಡಿದರು, ಅವಳು ತಿರುಗುವ ಮೊದಲೇ ತಾವಾಗಿ ಬಿದ್ದರು. ಉಳಿದವರು ಚಪ್ಪಾಳೆ ತಟ್ಟಿದರು. ಗಂಗೋತ್ರಿ ತಟ್ಟಲಿಲ್ಲ. "ಸುಳ್ಳು ಬಿದ್ರಿ ಮಾಮ. ದಾರ್‍ಯಾಗ ಅಂವ ಹಿಂಗ ಬೀಳ್ತಾನೇನು?" ಎಂದವಳು ಹೊರಟುಹೋದಳು, ಮರಳಿ ಬರಲಿಲ್ಲ.

"ತಪ್ಪು ನಂದ್ರಿ. ಪಾಪ ಅನಿಸ್ತು, ಬಿದ್ದುಬಿಟ್ಟೆ. ನನ್ನ ಕನಿಕರ ಕಟ್ಟಿಕೊಂಡು ಆಕಿ ನಸುಕಿನ್ಯಾಗ ರಸ್ತೇಕ ಹೋಗಾಕ ಆಕ್ಕತೇನ್ರಿ?" ಗಂಗೋತ್ರಿಯ ಮನೆ ಬಾಗಿಲಿಗೆ ಹೋಗಿ ಹೇಳಿ ಬಂದಿದ್ದಾರೆ: "ಬಾರವ್ವ, ಈ ಸಲ ಗಟ್ಟಿ ಹಿಡೀತೀನಿ."

ಮೂಕಣ್ಣನ ಬಗ್ಗೆ ಬರೆಯಲೆಂದು ನಾನು ಬಂದಿರುವ ಈ ದಿನವೇ ಅವಳು ಬರುತ್ತಾಳೆ. ಚಪ್ಪಲಿ ಬಿಟ್ಟು, ಯಾರನ್ನೂ ನೋಡದೆ ನೇರ ನಡೆದು, ಬಲಗೈ ಮುಂದೆ ಮಾಡುತ್ತಾಳೆ. "ಹಿಡೀರಿ ಮಾಮ."

ಮೂಕಣ್ಣ ಮೂಟೆಯ ಮೂಲೆ ಹಿಡಿಯುವಂತೆ ಹಿಡಿಯುತ್ತಾರೆ. ಅವಳ ಮುಖ ಬಿಳಿಚಿಕೊಳ್ಳುತ್ತದೆ. ಹಿಂದಕ್ಕೆ ಜಗ್ಗುತ್ತಾಳೆ, ಕೈ ಬರುವುದಿಲ್ಲ. ಮತ್ತೆ ಜಗ್ಗುತ್ತಾಳೆ. ಸಾಕು ಬಿಡಿ ಎಂದು ನನ್ನ ಬಾಯಿಗೆ ಬಂದುಬಿಟ್ಟಿದೆ. ಮೂಕಣ್ಣನ ಕಣ್ಣಲ್ಲೂ ನೀರಿದೆ, ಹಿಡಿತ ಸಡಿಲುವುದಿಲ್ಲ. "ಜಗ್ಗಬ್ಯಾಡ ಗಂಗಾ, ಅವರ ಕಡೀಗೇ ಹೋಗು" ಎನ್ನುತ್ತಾರೆ ಶೈಲಜಾ. ಗಂಗೋತ್ರಿ ಒಮ್ಮೆ ಉಸಿರು ಬಿಡುತ್ತಾಳೆ. ತನ್ನನ್ನು ಹಿಡಿದವರ ಕಡೆಗೇ ಹೆಜ್ಜೆ ಇಟ್ಟು, ಗರ್ರನೆ ತಿರುಗುತ್ತಾಳೆ. ಮೂಕಣ್ಣ ಬೀಳುವ ಸದ್ದಿಗೆ ತಗಡಿನ ಮೇಲಿನ ಪಾರಿವಾಳಗಳು ಹಾರುತ್ತವೆ.

ಅವಳು ಅಲ್ಲೇ ಕುಕ್ಕರಿಸಿ ಗೊಳೋ ಎಂದು ಅಳುತ್ತಾಳೆ. ಯಾರೂ ಸಮಾಧಾನ ಮಾಡಲು ಹೋಗುವುದಿಲ್ಲ. ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು, "ಸೋಮವಾರದಿಂದ ಪಾಳಿಗೆ ಹೋಗ್ತೀನ್ರಿ ಟೀಚರ್" ಎನ್ನುತ್ತಾಳೆ.

ಹೊರಗೆ ಚಹಾ ಕುಡಿಯುವಾಗ ನೋಡುತ್ತೇನೆ, ಮೂಕಣ್ಣನ ಮಣಿಕಟ್ಟು ಬಾತುಕೊಂಡಿದೆ. ಲೋಟ ಎಡಗೈಗೆ ಬದಲಾಗಿದೆ. ಡಾಕ್ಟರಿಗೆ ತೋರಿಸಬಾರದೇ ಎಂದರೆ ಆ ಕೈಯನ್ನು ಎತ್ತಿ ಹಿಡಿದು ತಿರುಗಿಸಿ ನೋಡಿಕೊಳ್ಳುತ್ತಾರೆ.

"ಇವತ್ತು ನಾ ಬಿದ್ದಿದ್ದಲ್ರಿ, ಆಕಿ ಕೆಡವಿದ್ದು. ಈ ನೋವು ಇನ್ನೊಂದ್ ನಾಕ್ ದಿನ ಇರ್ಲಿ ಬಿಡ್ರಿ."