ಜಂಪಣ್ಣನವರ ಒಂದೇ ಫ್ಯೂಜು

ನಮ್ಮ ಹೊನ್ನಾಳಿಯಲ್ಲಿ ಫ್ಯೂಜಿನ ಮೇಲೆ ಅಷ್ಟೊಂದು ನಂಬಿಕೆ ಇಟ್ಟವರೆಂದರೆ ಜಂಪಣ್ಣನವರೊಬ್ಬರೇ. ಮನೆಯ ದೀಪ, ಫ್ಯಾನು, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲು, ರೇಡಿಯೋ ಎಲ್ಲವೂ ಒಂದೇ ಫ್ಯೂಜಿಗೆ. ಇನ್ನೊಂದು ಹಾಕಿಸಿ ಎಂದು ವೈರ್‌ಮನ್ ಗೋಗರೆದರೆ, "ಒಂದು ಮನೆಗೆ ಒಬ್ಬನೇ ಯಜಮಾನ ಸಾಕು ಬಿಡ್ರೀ" ಎನ್ನುವರು. ಅದು ಫಟ್ಟೆಂದು ಹಾರಿದಾಗಲೆಲ್ಲ ಕರೆಂಟಿನವರನ್ನು ಬೈದು, ಇನ್ನಷ್ಟು ದಪ್ಪ ತಂತಿ ಸುತ್ತಿ, ವಿದ್ಯುತ್ತನ್ನು ತಾವೇ ಕಂಡುಹಿಡಿದವರಂತೆ ಬೀಗುವರು. ಆದರೆ ಕಣ್ಣು ಕಾಣದ ತಾಯಿ ಗಿಡ್ಡಮ್ಮ ರೇಡಿಯೋ ನಾಟಕ ಕೇಳಲು ಕೂತರೆ ಮಾತ್ರ ಈ ಮಹಾಶಯರು ಉಳಿದ ಸ್ವಿಚ್ಚುಗಳನ್ನೆಲ್ಲ ಆರಿಸಿ ಪಕ್ಕದಲ್ಲಿ ಕೂರುವರು. ಅಂಥದೊಂದು ಸಂಜೆ ಹೋದವನು ಹೊಸ್ತಿಲಲ್ಲೇ ಮುಗ್ಗರಿಸಿ, "ದೀಪನಾದ್ರೂ ಹಾಕ್ರೀ" ಎಂದೆ. "ಮೆಲ್ಲಗೆ ಮಾತಾಡ್ರೀ," ಎಂದರು ಜಂಪಣ್ಣ, "ಫ್ಯೂಜ್ ಹೋಗಿ ರೇಡಿಯೋ ನಿಂತ್ರೆ ಅವ್ವಂಗೆ ಕತ್ಲಾಗ್ತೈತೆ."